ಮನೆಯೊಳಗಿನ ಕುಂಡಗಳಲ್ಲಿ ಮಣ್ಣುಜನ್ಯ ರೋಗ ಹಾಗೂ ಕೀಟಬಾಧೆ ತಡೆಗಟ್ಟುವ ಕ್ರಮಗಳು

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ:

1. ಮಣ್ಣು: ಟೊಮ್ಯಾಟೊ, ಬದನೆ ಬೆಳೆದ ಹೊಲದ ಅಥವಾ ಸೊರಗುರೋಗ ತಗುಲಿದ ದಾಳಿಂಬೆ ತೋಟದ ಮಣ್ಣನ್ನು ಬಳಸತಕ್ಕದ್ದಲ್ಲ. ಬೇರುಗಂಟು ಜಂತುಹುಳು ಹಾಗೂ ಸೊರಗುರೋಗದ ಶಿಲೀಂಧ್ರಗಳು ಮಣ್ಣಿನ ಮೂಲಕ ಹರಡುತ್ತವೆ. ಕೊಟ್ಟಿಗೆ ಗೊಬ್ಬರವು ಪೂರ್ಣವಾಗಿ ಕಳಿತಿರಬೇಕು. ಇಲ್ಲವಾದಲ್ಲಿ ಗೊಣ್ಣೆಹುಳುವಿನ ಬಾಧೆ ಉಂಟಾಗುವ ಸಂಭವವಿರುತ್ತದೆ.

2. ಬಿಸಿಲಿನ ಉಪಚಾರ: ಏಪ್ರಿಲ್–ಮೇ ತಿಂಗಳಲ್ಲಿ ಮಣ್ಣನ್ನು ತೇವಗೊಳಿಸಿ, ತೆಳುವಾಗಿ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಮುಚ್ಚಿ 4ರಿಂದ 6 ವಾರ ಬಿಡುವುದು.

3. ನೀರು: ಮೇಲ್ಮಣ್ಣು ಒಣಗಿದ ನಂತರವಷ್ಟೇ ನೀರುಣಿಸುವುದು. ಕುಂಡದ ತಟ್ಟೆಯಲ್ಲಿ ನಿಂತ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದರಿಂದ, ವಾರಕ್ಕೊಮ್ಮೆಯಾದರೂ ಚೆಲ್ಲಿ, ತಟ್ಟೆಯನ್ನು ಉಜ್ಜಿ ತೊಳೆಯತಕ್ಕದ್ದು.

4. ಹೊಸ ಗಿಡ: 2 ವಾರ ಪ್ರತ್ಯೇಕವಾಗಿರಿಸಿ, ಎಲೆಗಳ ಕೆಳಭಾಗದಲ್ಲಿ ಹಿಟ್ಟುತಿಗಣೆ, ನುಸಿ ಇವೆಯೇ ಎಂದು ಪರೀಕ್ಷಿಸುವುದು. ಕಂಡುಬಂದಲ್ಲಿ 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಹಾಗೂ ಸ್ವಲ್ಪ ಸಾಬೂನು ದ್ರಾವಣ ಬೆರೆಸಿ, ಗಿಡವನ್ನು ಹೊರಗಿಟ್ಟು ಸಂಜೆ ಸಿಂಪಡಿಸುವುದು.

ಎಚ್ಚರಿಕೆ: ಹೊಲಕ್ಕೆ ತಂದ ಕೀಟನಾಶಕಗಳನ್ನು ಮನೆಯೊಳಗೆ ಸಿಂಪಡಿಸುವುದು ಮಕ್ಕಳಿಗೂ ವೃದ್ಧರಿಗೂ ಅಪಾಯಕಾರಿ.

ಬಾಧೆ ಮುಂದುವರಿದಲ್ಲಿ, ಪೀಡಿತ ಎಲೆಯನ್ನು ಬಾಯಿ ಕಟ್ಟಿದ ಚೀಲದಲ್ಲಿರಿಸಿಕೊಂಡು ಆಯಾ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.