ಹಿನ್ನೀರಿನ ಹಕ್ಕಿಗಳು

ಬಾಗಲಕೋಟೆಯ ಕಡೆಗೆ ಹಕ್ಕಿಗಳನ್ನು ನೋಡಲು ಹೊರಡುವವರು ರಜೆಯ ದಿನಗಳನ್ನೂ ರೈಲಿನ ವೇಳೆಯನ್ನೂ ಗುರುತುಹಾಕಿಕೊಳ್ಳುತ್ತಾರೆ. ಅದಕ್ಕೂ ಮೊದಲು ವಿಚಾರಿಸಬೇಕಾದದ್ದು ಆಲಮಟ್ಟಿ ಜಲಾಶಯದ ನೀರಿನ ಮಟ್ಟ. ಏಕೆಂದರೆ ಇದು ಪ್ರಕೃತಿ ಕೊಟ್ಟ ಸರೋವರವಲ್ಲ, ಮನುಷ್ಯರು ತಡೆದು ನಿಲ್ಲಿಸಿದ ಕೃಷ್ಣೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿಯವರು ಇದರ ಅಡಿಗಲ್ಲನ್ನಿಟ್ಟರು. ಆಗಿನ್ನೂ ಅವರು ಪ್ರಧಾನಿಯಾಗಿರಲಿಲ್ಲ. ಇಂದು ಜಲಾಶಯಕ್ಕೆ ಅವರದೇ ಹೆಸರು.

ನೀರು ಕಟ್ಟುವುದು ಈ ಸೀಮೆಗೆ ಹೊಸದೇನಲ್ಲ. 543ರಲ್ಲಿ ಒಂದನೆಯ ಪುಲಕೇಶಿ ಕೋಟೆ ಕಟ್ಟಿಸಿದ ಬಾದಾಮಿಯ ಬೆಟ್ಟದ ಬುಡದಲ್ಲಿ ಅಗಸ್ತ್ಯತೀರ್ಥ ಈಗಲೂ ಇದೆ. ಆ ಕೆರೆಯ ದಂಡೆಯಲ್ಲಿ ಊರು ಬೆಳೆಯಿತು. ಆಲಮಟ್ಟಿಯ ಕಥೆ ಬೇರೆ. ಘಟಪ್ರಭೆಯ ಮೇಲಿದ್ದ ಹಳೆಯ ಬಾಗಲಕೋಟೆಯ ತಗ್ಗಿನ ಓಣಿಗಳು ಈ ಶತಮಾನದ ಆರಂಭದ ವರ್ಷಗಳಲ್ಲಿ ಹಿನ್ನೀರಿಗೆ ಸೇರಿದವು. ಅಲ್ಲಿಯ ಜನ ನವನಗರಕ್ಕೆ ಹೋದರು. ದುರ್ಬೀನು ಹಿಡಿದು ನಿಲ್ಲುವವರು ತಮ್ಮೆದುರಿನ ನೀರಿನಡಿಯಲ್ಲಿ ಯಾರದೋ ಅಂಗಳವಿದ್ದೀತೆಂಬುದನ್ನು ನೆನೆಯುವುದು ಒಳ್ಳೆಯದು.

ಇಷ್ಟಾಗಿಯೂ ಹಕ್ಕಿಗಳು ಬಂದವು. ಮುಂಗಾರಿನಲ್ಲಿ ತುಂಬಿ ತುಳುಕುವ ಜಲಾಶಯ ಅವುಗಳ ಪೈಕಿ ಹಲವಕ್ಕೆ ಉಪಯೋಗವಿಲ್ಲ. ಆಳದ ನೀರಿನಲ್ಲಿ ಉದ್ದ ಕಾಲಿನ ಹಕ್ಕಿ ಮೇಯಲಾರದು. ಕಾಲುವೆಗಳಿಗೆ ನೀರು ಹರಿದು, ಚಳಿ ಕಳೆಯುತ್ತಿದ್ದಂತೆ ಬಾಗಲಕೋಟೆ, ಬೀಳಗಿ ತಾಲ್ಲೂಕುಗಳ ಅಂಚಿನಲ್ಲಿ ಕೆಸರು ತೆರೆದುಕೊಳ್ಳುತ್ತದೆ. ರಾಜಹಂಸಗಳು ಇಳಿಯುವುದು ಆಗ. ಕೊಕ್ಕನ್ನು ತಲೆಕೆಳಗಾಗಿ ನೀರಿನಲ್ಲದ್ದಿ, ಜರಡಿ ಹಿಡಿದಂತೆ ಸಣ್ಣ ಜೀವಿಗಳನ್ನು ಸೋಸಿ ತಿನ್ನುವ ಅವುಗಳಿಗೆ ಮೊಣಕಾಲುದ್ದದ ನೀರೇ ಬೇಕು. ರೈತರಿಗೆ ನೀರು ಬಿಡುವ ದಿನಗಳೇ ಹೀಗೆ ಹಕ್ಕಿಗಳ ಪಂಚಾಂಗವೂ ಆಗಿವೆ.

ಇನ್ನೊಂದು ದಿನ ಕೈಯಲ್ಲಿದ್ದರೆ ಬಾದಾಮಿಯಿಂದ ದಕ್ಷಿಣಕ್ಕೆ, ಗದಗದಾಚೆಯ ಮಾಗಡಿ ಕೆರೆಗೆ ಹೋಗಬಹುದು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ, ಸುಮಾರು 50 ಹೆಕ್ಟೇರಿನ ಈ ನೀರಾವರಿ ಕೆರೆಗೆ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳ ಸಂಖ್ಯೆ 8000ದಷ್ಟು ಎಂದು ಲೆಕ್ಕವಿದೆ. ಇವಕ್ಕೆ ಚಳಿಗಾಲವೇ ಸಮಯ. ಎರಡನ್ನೂ ಒಂದೇ ಪಯಣದಲ್ಲಿ ನೋಡಬೇಕೆನ್ನುವವರು ಮಾಗಡಿಯನ್ನು ಮುಂಚೆ ಇಟ್ಟುಕೊಳ್ಳಲಿ.

ಇಳಕಲ್ಲಿಗೆ ಸೀರೆ ಕೊಳ್ಳಲು ಹೋದವರು ಹುನಗುಂದದ ದಾರಿಯಲ್ಲಿ ಕೂಡಲಸಂಗಮಕ್ಕೆ ತಿರುಗಿದರೆ ನೀರಿನ ಮತ್ತೊಂದು ಚರಿತ್ರೆ ಕಾಣುತ್ತದೆ. ನಾರಾಯಣಪುರದ ಹಿನ್ನೀರು ಏರಿಬಂದಾಗ ಬಸವಣ್ಣನವರ ಐಕ್ಯಸ್ಥಳವನ್ನು ಬಾವಿಯಂಥ ಗೋಡೆ ಕಟ್ಟಿ ಉಳಿಸಿಕೊಂಡರು. ಹಳೆಯ ಬಾಗಲಕೋಟೆಯ ಓಣಿಗಳಿಗೆ ಅಂಥ ಗೋಡೆ ಒದಗಲಿಲ್ಲ.

ಆಲಮಟ್ಟಿಯಲ್ಲಿ ಸದ್ಯ ನೀರು ನಿಲ್ಲುವುದು 519.6 ಮೀಟರಿನವರೆಗೆ. ಅದನ್ನು 524.256ಕ್ಕೆ ಏರಿಸಲು ಎರಡನೆಯ ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಅನುಮತಿಸಿತು. ಏರಿಸಿದ ದಿನ ಮತ್ತೆ ಕೆಲವು ಊರುಗಳು ಏಳಬೇಕಾಗುತ್ತದೆ, ದಡವೂ ಸರಿಯುತ್ತದೆ. ಆಗ ಕೆಸರು ಎಲ್ಲಿ ತೆರೆದೀತೆಂಬುದನ್ನು ನಕ್ಷೆ ಹೇಳಲಾರದು. ದಡದ ಮೀನುಗಾರರನ್ನೇ ಕೇಳಬೇಕು. ಈಗಲೂ ಅವರನ್ನು ಕೇಳಿಯೇ ಹೋಗುವುದು ಲೇಸು. ಹೋಗುವುದಾದರೆ ನಸುಕಿನಲ್ಲಿ, ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ಕೆಸರಿಗೆ ಇಳಿಯದೆ, ದಡದಲ್ಲಿಯೇ ನಿಂತು ನೋಡಬೇಕು.