ಖಂಡನೆಯ ದನಿಯೂ ವರ್ತಮಾನ ಪತ್ರಿಕೆಗಳೂ

ಜನರು ಬಹಿರಂಗವಾಗಿ ನಿಂತು ಆಡಿದ ಮಾತು ಊರಿಗೆ ಕೇಳಿಸುವುದು ಬೇರೆ, ಚರಿತ್ರೆಗೆ ಸೇರುವುದು ಬೇರೆ. ಇವೆರಡರ ನಡುವಣ ಸೇತುವೆಯೇ ವರ್ತಮಾನ ಪತ್ರಿಕೆ. ಇದರ ಬೆಲೆಯನ್ನು ಚಿಕ್ಕಬಳ್ಳಾಪುರ ಸೀಮೆಯವರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ನೆಯ ಇಸವಿ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕಾಗಿ ನೆರೆದವರ ಮೇಲೆ ಪೋಲೀಸರು ಗುಂಡು ಹಾರಿಸಿದಾಗ, ಮಡಿದವರ ವಿಷಯದಲ್ಲಿ ಸರಕಾರದ ಲೆಕ್ಕವೊಂದಾಯಿತು. ಮೂವತ್ತಕ್ಕೂ ಮಿಕ್ಕಿದರೆಂಬ ಜನರ ಲೆಕ್ಕವೊಂದಾಯಿತು. ಆ ಸುದ್ದಿಯು ಸಂಸ್ಥಾನದ ಎಲ್ಲೆಯನ್ನು ದಾಟಿ ಗಾಂಧೀಜಿಯವರಿಗೆ ಮುಟ್ಟಿತು. ಆ ಬಳಿಕ ಸರ್ದಾರ್ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದರು. ದಿವಾನ್ ಸರ್ ಮಿರ್ಜಾ ಇಸ್ಮಾಯಿಲರ ಸರಕಾರದೊಡನೆ ಒಪ್ಪಂದವೇರ್ಪಟ್ಟಿತು. ಹೊರಗೆ ತಿಳಿಯದ ಘಟನೆಯು ಲೋಕದ ಪಾಲಿಗೆ ನಡೆಯದ ಘಟನೆಗೆ ಸಮಾನವೇ ಸರಿ.

ಈ ಅಳತೆಗೋಲನ್ನು ಇಪ್ಪತ್ತೊಂದನೆಯ ಶತಮಾನದ ಒಂದು ಪ್ರಶ್ನೆಗೂ ಹಿಡಿದು ನೋಡಬಹುದು. ಭಯೋತ್ಪಾದಕರು ಎಲ್ಲಿಯಾದರೂ ಕೊಲೆಗೈದೊಡನೆ, ‘ಮುಸಲ್ಮಾನರು ಇದನ್ನು ಏಕೆ ಖಂಡಿಸುವುದಿಲ್ಲ?’ ಎಂಬ ಮಾತು ಸಂತೆಯಲ್ಲಿಯೂ ಬಸ್ಸಿನಲ್ಲಿಯೂ ಹುಟ್ಟುತ್ತದೆ. ಖಂಡಿಸಿದರೋ ಇಲ್ಲವೋ ಎಂಬುದು ಅಭಿಪ್ರಾಯದ ವಿಷಯವಲ್ಲ. ತಾರೀಖುಗಳಿಂದ ತೀರ್ಮಾನವಾಗತಕ್ಕ ವಿಷಯ.

2008ನೆಯ ಇಸವಿಯೊಂದನ್ನೇ ತೆಗೆದುಕೊಂಡರೆ ಸಾಕು. ಆ ವರ್ಷದ ಫೆಬ್ರವರಿ 25ರಂದು ಉತ್ತರ ಪ್ರದೇಶದ ದೇವಬಂದಿನ ದಾರುಲ್ ಉಲೂಮ್ ವಿದ್ಯಾಪೀಠದಲ್ಲಿ ಬೇರೆಬೇರೆ ಪಂಥಗಳ ಸಹಸ್ರಾರು ಧರ್ಮಪಂಡಿತರು ಕೂಡಿ, ಭಯೋತ್ಪಾದನೆಯು ಇಸ್ಲಾಮಿಗೆ ವಿರುದ್ಧವಾದುದೆಂದು ಸಾರಿದರು. ಮೇ 31ರಂದು ದೆಹಲಿಯ ರಾಮಲೀಲಾ ಮೈದಾನದ ಮಹಾಸಭೆಯಲ್ಲಿ ಅದೇ ವಿದ್ಯಾಪೀಠದ ಧಾರ್ಮಿಕ ತೀರ್ಪು, ಎಂದರೆ ಫತ್ವಾ, ಪ್ರಕಟವಾಯಿತು. ಜುಲೈ 25ರಂದು ಬೆಂಗಳೂರಿನಲ್ಲಿ ಸಾಲಾಗಿ ಬಾಂಬುಗಳು ಸಿಡಿದವು. ನವೆಂಬರ್ ತಿಂಗಳ ಮೊದಲ ಭಾಗದಲ್ಲಿ ಜಮೀಯತ್ ಉಲೇಮಾ-ಎ-ಹಿಂದ್ ಸಂಸ್ಥೆಯು ಹೈದರಾಬಾದಿನಲ್ಲಿ ನೆರೆದಾಗ ಸುಮಾರು 6,000 ಧರ್ಮಪಂಡಿತರು ಆ ಫತ್ವಾಕ್ಕೆ ಅನುಮೋದನೆಯಿತ್ತರು. ಇದಾಗಿ ಮೂರು ವಾರಗಳೊಳಗೆ, ನವೆಂಬರ್ 26ರಂದು, ಮುಂಬಯಿಯ ಮೇಲೆ ದಾಳಿ ನಡೆದು 166 ಮಂದಿ ಹತರಾದರು. ಆಗ ಮತ್ತೆ ಅದೇ ಪ್ರಶ್ನೆ ಎದ್ದಿತು, ಹಿಂದೆ ಯಾರೂ ಉತ್ತರವನ್ನೇ ಕೊಟ್ಟಿರಲಿಲ್ಲವೋ ಎಂಬಂತೆ!

ಪತ್ರಿಕೆಗಳು ಈ ಸಭೆಗಳನ್ನು ಮುಚ್ಚಿಟ್ಟುವೆಂದು ಹೇಳುವುದು ನ್ಯಾಯವಾಗದು, ಅವು ವರದಿಯಾದುವು. ಆದರೆ ಸುದ್ದಿಯ ಸ್ವಭಾವವೇ ಬೇರೆ. ಬಾಂಬಿನ ಸುದ್ದಿಗೆ ತನಿಖೆ, ಬಂಧನ, ವಿಚಾರಣೆ, ತೀರ್ಪು ಎಂದು ವರ್ಷಗಟ್ಟಲೆ ಆಯುಸ್ಸುಂಟು. ಸಭೆಯ ನಿರ್ಣಯಕ್ಕೆ ಒಂದು ದಿನದ ಆಯುಸ್ಸು ಮಾತ್ರ. ಇದಲ್ಲದೆ ದೇವಬಂದಿನ ಘೋಷಣೆಗೆ ಎರಡು ಮುಖಗಳಿದ್ದುವು: ಒಂದು ಭಯೋತ್ಪಾದನೆಯ ಖಂಡನೆ, ಇನ್ನೊಂದು, ತನಿಖೆಯ ಹೆಸರಿನಲ್ಲಿ ನಿರಪರಾಧಿಗಳಾದ ಮುಸಲ್ಮಾನರನ್ನು ಪೀಡಿಸಬಾರದೆಂಬ ಅಹವಾಲು. ಮೊದಲನೆಯದನ್ನಷ್ಟೇ ಓದಿದವನಿಗೆ ಅದು ನಿಷ್ಠೆಯ ಪ್ರಮಾಣವಾಗಿಯೂ, ಎರಡನೆಯದನ್ನಷ್ಟೇ ಓದಿದವನಿಗೆ ಬರಿಯ ದೂರಾಗಿಯೂ ಕಾಣುವುದು ಸಹಜ. ಎರಡನ್ನೂ ಒಟ್ಟಿಗೆ ಓದಿದರಲ್ಲದೆ ಹೇಳಿದವರ ಮನಸ್ಸು ತಿಳಿಯದು.

ಮಾತಿಗಿಂತ ಕೃತಿಯು ಪತ್ರಿಕೆಯ ಕಣ್ಣಿಗೆ ಬೇಗ ಬೀಳುತ್ತದೆ. ಮುಂಬಯಿಯಲ್ಲಿ ಹತರಾದ ಒಂಬತ್ತು ಮಂದಿ ದಾಳಿಕೋರರ ಶವಗಳಿಗೆ ತಮ್ಮ ಬಡಾ ಕಬರಸ್ತಾನದಲ್ಲಿ ನೆಲವಿಲ್ಲವೆಂದು ಅಲ್ಲಿನ ಜುಮಾ ಮಸೀದಿಯ ಟ್ರಸ್ಟಿನವರು ನಿರಾಕರಿಸಿದರು. ಸತ್ತವನಿಗೆ ಮಣ್ಣು ಕೊಡುವುದು ಮುಸಲ್ಮಾನರಲ್ಲಿ ಸಮುದಾಯದ ಮೇಲಣ ಕರ್ತವ್ಯ. ಅಂತಹ ಕರ್ತವ್ಯವನ್ನೇ ತಡೆಹಿಡಿದುದರಿಂದ ಈ ಖಂಡನೆಗೆ ಸಾವಿರ ನಿರ್ಣಯಗಳಿಗಿಲ್ಲದ ತೂಕ ಬಂದಿತು. ಡಿಸೆಂಬರ್ 9ರ ಬಕ್ರೀದಿನಂದು ಅನೇಕರು ಕಪ್ಪುಪಟ್ಟಿ ಧರಿಸಿ ನಮಾಜಿಗೆ ಹೋದರು. ಶವಗಳು ಒಂದು ವರ್ಷಕ್ಕೂ ಮೇಲ್ಪಟ್ಟು ಆಸ್ಪತ್ರೆಯ ಶವಾಗಾರದಲ್ಲಿಯೇ ಇದ್ದು, 2010ರ ಜನವರಿಯಲ್ಲಿ ಗುಟ್ಟಾಗಿ ಹೂಳಲ್ಪಟ್ಟುವು. ಈ ನಿರಾಕರಣೆಯನ್ನು ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಥಾಮಸ್ ಫ್ರೀಡ್‌ಮನ್ ಎಂಬ ಅಂಕಣಕಾರರು 2009ರ ಫೆಬ್ರವರಿಯಲ್ಲಿ ಮೆಚ್ಚಿ ಬರೆದರು.

ಮುಂದೆ 2025ನೆಯ ಇಸವಿ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮಿನಲ್ಲಿ 26 ಮಂದಿಯ ಕೊಲೆಯಾಯಿತು. ಅವರಲ್ಲಿ ಕನ್ನಡ ನಾಡಿನ ಪ್ರವಾಸಿಗಳೂ ಇದ್ದರು. ಪ್ರವಾಸಿಗಳನ್ನು ಕುದುರೆಯ ಮೇಲೆ ಕರೆದೊಯ್ಯುತ್ತಿದ್ದ ಅಲ್ಲಿಯ ಮುಸಲ್ಮಾನನೊಬ್ಬನೂ ಇದ್ದನು. ಮರುದಿನ ಕಾಶ್ಮೀರದ ಕಣಿವೆಯಲ್ಲಿ ಅಂಗಡಿಗಳು ಮುಚ್ಚಿದುವು, ಜನರು ಬೀದಿಗಿಳಿದು ಕೊಲೆಗಾರರನ್ನು ಧಿಕ್ಕರಿಸಿದರು. 24ರಂದು ಗ್ರೇಟರ್ ಕಾಶ್ಮೀರ್, ಕಾಶ್ಮೀರ್ ಉಜ್ಮಾ, ಆಫ್ತಾಬ್ ಮೊದಲಾದ ಪತ್ರಿಕೆಗಳು ತಮ್ಮ ಮುಖಪುಟವನ್ನೇ ಕಪ್ಪಾಗಿ ಅಚ್ಚುಮಾಡಿದುವು. ಇಲ್ಲಿ ಪತ್ರಿಕೆಯು ಪ್ರತಿಭಟನೆಯನ್ನು ವರದಿಮಾಡಿದುದಷ್ಟೇ ಅಲ್ಲ, ತಾನೇ ಪ್ರತಿಭಟಿಸಿತು. 25ರ ಶುಕ್ರವಾರ ಶ್ರೀನಗರದ ಜಾಮಾ ಮಸೀದಿಯಲ್ಲಿ ಮೌನಾಚರಣೆ ನಡೆಯಿತು. ದೇಶದ ಅನೇಕ ಮಸೀದಿಗಳಲ್ಲಿ ಕಪ್ಪುಪಟ್ಟಿ ಕಾಣಿಸಿತು.

ಆದರೆ ಅದಕ್ಕೆ ನಾಲ್ಕು ವಾರಗಳ ಹಿಂದೆ, ಮಾರ್ಚ್ 28ರಂದು, ವಕ್ಫ್ ಮಸೂದೆಯನ್ನು ವಿರೋಧಿಸಿಯೂ ಮುಸಲ್ಮಾನರು ಕಪ್ಪುಪಟ್ಟಿ ಕಟ್ಟಿದ್ದರು. ಪಟ್ಟಿ ಒಂದೇ, ಅರ್ಥಗಳು ಎರಡು. ಚಿತ್ರದ ಕೆಳಗೆ ಬರೆಯುವ ಒಂದು ಸಾಲು ತಪ್ಪಿದರೆ ಶೋಕವು ರೋಷವಾಗಿಯೂ, ರೋಷವು ಶೋಕವಾಗಿಯೂ ತೋರೀತು. ವರದಿಗಾರನ ಹೊಣೆ ಎಷ್ಟು ಸೂಕ್ಷ್ಮವಾದುದೆಂಬುದು ಇದರಿಂದ ವ್ಯಕ್ತವಾಗುವುದು.

ಒಬ್ಬನ ಅಪರಾಧಕ್ಕಾಗಿ ಅವನ ಮತದವರೆಲ್ಲರೂ ಪದೇಪದೇ ಜವಾಬು ಹೇಳಬೇಕೆಂಬುದೇ ಅನ್ಯಾಯವೆಂದು ವಾದಿಸುವವರುಂಟು. ಆ ವಾದದಲ್ಲಿ ಹುರುಳೂ ಉಂಟು. ಆದರೂ ಕೇಳದೆಯೇ ಕೊಟ್ಟ ಜವಾಬನ್ನು ಮರೆತು ಮತ್ತೆ ಕೇಳುವುದು ಅದಕ್ಕಿಂತಲೂ ದೊಡ್ಡ ಅನ್ಯಾಯ.

ಇದು ದೆಹಲಿ ಮುಂಬಯಿಗಳ ಮಾತೆಂದು ಬಿಡುವಂತಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಹಿಪ್ಪುನೇರಳೆ ಬೆಳೆದು ಹುಳು ಸಾಕಿದ ರೈತನು ಗೂಡನ್ನು ಹರಾಜಿಗಿಡುತ್ತಾನೆ. ಅದನ್ನು ಕೊಂಡು ನೂಲು ತೆಗೆಯುವ ರೀಲರುಗಳಲ್ಲಿ ಬಹುಮಂದಿ ಮುಸಲ್ಮಾನರು. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದ ದರ್ಗಾಕ್ಕೆ ಹಿಂದುಗಳೂ ಹರಕೆ ಹೊತ್ತು ಹೋಗುತ್ತಾರೆ. ಇಂತಹ ಬಾಳುವೆಗೆ ನಂಬಿಕೆಯೇ ಮೂಲಧನ. ದೂರದಲ್ಲಿ ಸಿಡಿದ ಬಾಂಬು ಈ ಮೂಲಧನವನ್ನು ಕರಗಿಸಬಲ್ಲುದು. ಅದರ ವಿರುದ್ಧ ಎದ್ದ ದನಿಯು ಕೇಳದೆಹೋದರೆ ನಷ್ಟವು ಇಮ್ಮಡಿಯಾಗುವುದು.

ಆದುದರಿಂದ ಈ ಕಾಲದ ಚರಿತ್ರೆಯನ್ನು ಮುಂದೆ ಬರೆಯುವವರು ಮುಖಪುಟದ ದಪ್ಪಕ್ಷರಗಳಲ್ಲಿಯೇ ನಿಲ್ಲದೆ ಒಳಪುಟಗಳ ಸಣ್ಣ ವರದಿಗಳನ್ನೂ ಓದಬೇಕು. ತಾಲ್ಲೂಕು ತಾಲ್ಲೂಕಿನ ಪುಸ್ತಕ ಭಂಡಾರಗಳು ಸ್ಥಳೀಯ ಪತ್ರಿಕೆಗಳ ಸಂಚಿಕೆಗಳನ್ನು ಕಾಪಾಡಿಡಬೇಕು. ಕೊಂದವರ ಹೆಸರು ಹೇಗೋ ಉಳಿದೀತು. ‘ಇದು ನಮ್ಮದಲ್ಲ, ಇದು ಅಧರ್ಮ’ ಎಂದು ನಿಂತು ಹೇಳಿದವರ ಮಾತು ಉಳಿಯಬೇಕಾದರೆ ಅದನ್ನು ಬರೆದಿಟ್ಟವರೂ, ಬರೆದುದನ್ನು ಕಾದಿಟ್ಟವರೂ ಬೇಕು.