ಪಂದ್ಯ ಯಾರು ಗೆಲ್ಲುತ್ತಾರೆಂದು ಎಐ ಮೊದಲೇ ಹೇಳಬಲ್ಲದೇ? ಬೆಟ್ಟಿಂಗ್ 'ಟಿಪ್ಸ್' ಹಿಂದಿನ ಲೆಕ್ಕ ಇಲ್ಲಿದೆ

ಐಪಿಎಲ್ ಶುರುವಾದರೆ ಸಾಕು, "ಎಐ ಹೇಳಿದ ತಂಡವೇ ಗೆಲ್ಲುತ್ತದೆ, ನೂರಕ್ಕೆ ನೂರು ಗ್ಯಾರಂಟಿ" ಎಂಬ ಸಂದೇಶಗಳು ವಾಟ್ಸ್‌ಆ್ಯಪ್, ಟೆಲಿಗ್ರಾಂಗಳಲ್ಲಿ ಹರಿದಾಡುತ್ತವೆ. ಇದು ಎಷ್ಟು ನಿಜ? ನೋಡೋಣ.

ಎಐ ಮಾಡುವುದೇನು?

ಹಿಂದಿನ ಪಂದ್ಯಗಳ ರನ್, ವಿಕೆಟ್, ಮೈದಾನ, ಆಟಗಾರರ ಫಾರ್ಮ್ ಮುಂತಾದ ಮಾಹಿತಿಯಿಂದ ಗೆಲುವಿನ ಸಾಧ್ಯತೆಯನ್ನು ಲೆಕ್ಕ ಹಾಕುತ್ತದೆ, ಅಷ್ಟೇ. ಶೇ 70 ಸಾಧ್ಯತೆ ಎಂದರೆ, ಅಂಥ ಹತ್ತು ಪಂದ್ಯಗಳಲ್ಲಿ ಸುಮಾರು ಮೂರನ್ನು ಆ ತಂಡ ಸೋಲಬಹುದು ಎಂದೂ ಅರ್ಥ. 2023ರ ಏಪ್ರಿಲ್ 9ರಂದು ಗುಜರಾತ್ ವಿರುದ್ಧ ಕೋಲ್ಕತ್ತಕ್ಕೆ ಕೊನೆಯ ಓವರ್‌ನಲ್ಲಿ 29 ರನ್ ಬೇಕಿತ್ತು. ರಿಂಕು ಸಿಂಗ್ ಸತತ 5 ಸಿಕ್ಸರ್ ಬಾರಿಸಿ ಗೆಲ್ಲಿಸಿಬಿಟ್ಟರು! ಟಿ20ಯಲ್ಲಿ 'ಗ್ಯಾರಂಟಿ' ಎಂಬುದೇ ಇಲ್ಲ.

"ಐದಕ್ಕೆ ಐದೂ ಸರಿ ಬಂತಲ್ಲ?"

ಹೀಗೆ ಕೇಳುವವರು ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಆದರೆ ಇದಕ್ಕೆ ಎಐ ಬೇಕಾಗಿಲ್ಲ. ವಂಚಕರ ಬಳಿ 3,200 ಮೊಬೈಲ್ ಸಂಖ್ಯೆಗಳಿವೆ ಎಂದುಕೊಳ್ಳಿ. ಅರ್ಧ ಜನರಿಗೆ 'ಬೆಂಗಳೂರು ಗೆಲ್ಲುತ್ತದೆ' ಎಂದೂ, ಉಳಿದರ್ಧಕ್ಕೆ 'ಚೆನ್ನೈ ಗೆಲ್ಲುತ್ತದೆ' ಎಂದೂ ಕಳಿಸುತ್ತಾರೆ. ಯಾರೇ ಗೆದ್ದರೂ 1,600 ಜನರಿಗೆ ಭವಿಷ್ಯ ನಿಜವಾಗಿರುತ್ತದೆ. ಮುಂದಿನ ಪಂದ್ಯಕ್ಕೆ ಅವರನ್ನಷ್ಟೇ ಮತ್ತೆ ಎರಡು ಪಾಲು ಮಾಡುತ್ತಾರೆ: 800, 400, 200, ಕೊನೆಗೆ 100. ಈ ನೂರು ಜನ ಸತತ ಐದು ಸಲ ಸರಿಯಾದ ಉತ್ತರವನ್ನೇ ನೋಡಿರುತ್ತಾರೆ. 'ವಿಐಪಿ ಗ್ರೂಪ್‌ಗೆ ಹಣ ಕಟ್ಟಿ' ಎಂಬ ಸಂದೇಶ ಬರುವುದು ಇವರಿಗೇ. ತಪ್ಪು ಉತ್ತರ ಪಡೆದ 3,100 ಜನರ ಸುದ್ದಿ ನಿಮಗೆ ತಿಳಿಯುವುದೇ ಇಲ್ಲ.

ಊಹೆ ಸರಿಯಾದರೆ ಲಾಭವೇ?

ಅದೂ ಖಾತ್ರಿಯಿಲ್ಲ. ಸಮಬಲದ ಪಂದ್ಯಕ್ಕೆ 100 ರೂಪಾಯಿ ಕಟ್ಟಿ ಗೆದ್ದರೆ, ಕಟ್ಟಿದ ಹಣವೂ ಸೇರಿ 190 ರೂಪಾಯಿ ಸಿಗುತ್ತದೆ ಎನ್ನೋಣ. ಹೀಗೆ 100 ಪಂದ್ಯಗಳಿಗೆ 10,000 ಕಟ್ಟಿ 52ರಲ್ಲಿ ಗೆದ್ದರೂ ಕೈಗೆ ಬರುವುದು 9,880. ಅಂದರೆ, ಸೋತದ್ದಕ್ಕಿಂತ ಹೆಚ್ಚು ಸಲ ಗೆದ್ದರೂ 120 ರೂಪಾಯಿ ನಷ್ಟ! ಬುಕ್ಕಿಯ ಪಾಲು ದರದಲ್ಲೇ ಅಡಗಿರುತ್ತದೆ.

ಕಾನೂನು ಏನು ಹೇಳುತ್ತದೆ?

2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿದೆ.

ನೀವೇನು ಮಾಡಬೇಕು?

• ಇಂಥ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ.
• ಸ್ಕ್ರೀನ್‌ಶಾಟ್ ನೋಡಿ ನಂಬಬೇಡಿ, ಅದನ್ನು ತಿದ್ದುವುದು ಸುಲಭ.
• ಹಣ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ಎಐ ಸಾಧ್ಯತೆಯನ್ನು ಅಂದಾಜಿಸಬಲ್ಲದು, ಫಲಿತಾಂಶದ ಗ್ಯಾರಂಟಿ ಕೊಡಲಾರದು. 'ನೂರಕ್ಕೆ ನೂರು' ಎಂಬ ಮಾತು ಸುಳ್ಳು.